ಪ್ರಫುಲ್ಲಾ ಕ್ಷಮೆ ಕೇಳಲಿಲ್ಲ

ದಾವಣಗೆರೆಯ ಪ್ರಫುಲ್ಲಾ, ಗಂಡ ಸಂಜಯನ ಕೆಲಸದ ದೆಸೆಯಿಂದ ಸ್ವೀಡನ್ನಿನ ಸೊಲ್ಲೆಂಟುನಾಕ್ಕೆ ಬಂದವಳು. ಮಗಳು ಭೂಮಿ ದಾಗಿಸ್‌ಗೆ, ಅಂದರೆ ಅಲ್ಲಿನ ಶಿಶುವಿಹಾರಕ್ಕೆ, ಹೋಗತೊಡಗಿದ ಮೇಲೆ ಸ್ಟಾಕ್‌ಹೋಮಿನಲ್ಲಿ ಇತಿಹಾಸದ ಎಂ.ಎ.ಗೆ ಸೇರಿದಳು. ಅಲ್ಲಿ ಅವಳ ತಲೆಯಲ್ಲಿ ಕೂತವರು ಆರು ಶತಮಾನಗಳ ಹಿಂದಿನ ಇಂಗ್ಲೆಂಡಿನ ಲೊಲ್ಲಾರ್ಡರು. ಬೈಬಲ್ ಲ್ಯಾಟಿನ್‌ನಲ್ಲೇ ಇರಬೇಕು, ಪಾದ್ರಿಯೇ ಓದಬೇಕು ಎನ್ನುತ್ತಿದ್ದ ಕಾಲದಲ್ಲಿ ಅವರು ಅದನ್ನು ಮನೆಮಾತಿನಲ್ಲಿ ಓದಿ ಧರ್ಮದ್ರೋಹಿಗಳೆನಿಸಿಕೊಂಡರು. ಅವರಲ್ಲಿ ಹೆಂಗಸರೂ ಇದ್ದರು. ಸಿಕ್ಕಿಬಿದ್ದವರು ತಪ್ಪಾಯಿತೆಂದರೆ ಹೆಗಲಿಗೆ ಸೌದೆ ಹೊರಿಸಿ ಸಂತೆಬೀದಿಯಲ್ಲಿ ನಡೆಸುತ್ತಿದ್ದರು. ಮತ್ತೆ ಓದಿದರೆ ಸುಡುತ್ತೇವೆ ಎಂಬ ಎಚ್ಚರಿಕೆ ಅದು. ಕೆಲವರು ಹೊತ್ತರು. ಹೊತ್ತ ಮೇಲೂ ಓದಿದರು.

2016ರ ಗಣೇಶನ ಹಬ್ಬಕ್ಕೆ ಅಲ್ಲಿನ ಕನ್ನಡದವರು ಶಾಲೆಯೊಂದರ ಹಾಲ್ ಹಿಡಿದಿದ್ದರು. ಪೂಜೆಗೆ ಕೂತವರು ಗುಂಪಿನ ಹಿರಿಯರಾದ ಮಹಾಬಲೇಶ್ವರ. ಸಂಸ್ಕೃತದ ಮಂತ್ರ ನಡೆದಿರುವಾಗಲೇ ಭೂಮಿ, ಇವರು ಏನು ಹೇಳುತ್ತಿದ್ದಾರೆಂದು ಸ್ವೀಡಿಶ್‌ನಲ್ಲಿ ಗಟ್ಟಿಯಾಗಿ ಕೇಳಿದಳು. ಬೇರೆ ಮಕ್ಕಳೂ ತಿರುಗಿ ನೋಡಿದರು. ಪ್ರಫುಲ್ಲಾ ಎದ್ದು ನಿಂತು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳತೊಡಗಿದಳು. ಮಕ್ಕಳು ಅವಳ ಹಿಂದೆಯೇ ಹೇಳಿದರು. ಮಹಾಬಲೇಶ್ವರರು ಗಂಟೆ ಕೆಳಗಿಟ್ಟು ಮಂತ್ರ ನಿಲ್ಲಿಸಿದರು.

ಮುಂದಿನ ಶನಿವಾರ ಕಮಿಟಿಯವರು ಗಂಡ ಹೆಂಡತಿಯನ್ನು ಫೀಕಾಕ್ಕೆ ಕರೆದರು. ಕಾಫಿ, ಏಲಕ್ಕಿ ಬನ್ ಬಂತು.

"ನೋಡಮ್ಮ, ಅರ್ಥ ಹೇಳೋದು ತಪ್ಪಲ್ಲ," ಎಂದರು ಮಹಾಬಲೇಶ್ವರ. "ಪೂಜೆ ಮಧ್ಯೆ ಮಂತ್ರನೇ ಕನ್ನಡದಲ್ಲಿ ಹೇಳ್ಸೋದು ತಪ್ಪು. ಅದೂ ನೀವು. ನಮ್ಮ ವಾಟ್ಸಾಪ್ ಗ್ರೂಪಲ್ಲಿ 'ಸಾರಿ' ಅಂತ ಹಾಕ್ಬಿಡಿ, ಮುಗೀತು."

"ಅದೂ ನಾನು ಅಂದ್ರೆ ಏನು ಸರ್?"

ಅವರು ಕಾಫಿ ಕಲಕಿದರು. ಸಂಜಯ್ ಮೇಜಿನ ಕೆಳಗೆ ಅವಳ ಕಾಲು ತಟ್ಟಿದ.

"ದೇವರಿಗೆ ಕನ್ನಡ ಬರಲ್ಲ ಅಂತ ನೀವು ಗ್ರೂಪಲ್ಲಿ ಹಾಕಿ ಸರ್," ಎಂದಳು ಪ್ರಫುಲ್ಲಾ. "ಆಮೇಲೆ ನಾನು ಸಾರಿ ಹಾಕ್ತೀನಿ."

ಅಂದೇ ಅವಳ ನಂಬರನ್ನು ಗ್ರೂಪಿನಿಂದ ತೆಗೆದರು. ಹಬ್ಬಗಳಿಗೆ ಕರೆಯುವುದು ನಿಂತಿತು. ಒಂದು ಮಾತು ಹೇಳಿದ್ದರೆ ಏನು ಹೋಗುತ್ತಿತ್ತು ಎಂದು ಸಂಜಯ್ ಮುನಿಸಿಕೊಂಡ. ಅವಳಿಗೆ ನೋವಾಗಲಿಲ್ಲವೆಂದಲ್ಲ, ದೀಪಾವಳಿಯಂದು ಒಬ್ಬಳೇ ಹೋಳಿಗೆ ತಟ್ಟುತ್ತ ಅತ್ತಳು. ಆದರೆ ಕೇಳಬಾರದ ಕ್ಷಮೆಯನ್ನು ಕೇಳಲಿಲ್ಲ.

ಮರುವರ್ಷ ಗಣೇಶನನ್ನು ತನ್ನ ಫ್ಲಾಟಿನಲ್ಲೇ ಕೂರಿಸಿ ತಾನೇ ಪೂಜೆಗೆ ಕೂತಳು, ಕನ್ನಡದಲ್ಲಿ. ಯಾರೂ ಬರಲಾರರೆಂದುಕೊಂಡಿದ್ದಳು. ಅರ್ಧ ಪೂಜೆಯಾಗುವಷ್ಟರಲ್ಲಿ ಮಹಾಬಲೇಶ್ವರರ ಸೊಸೆ ನವ್ಯಾ ಮಗುವನ್ನು ಎತ್ತಿಕೊಂಡು ಬಂದಳು.

"ಮಾವ ಬೇಡ ಅಂದ್ರು," ಎನ್ನುತ್ತ ಶೂ ಬಿಚ್ಚಿಟ್ಟು, ಗಣೇಶನ ಎದುರಿಗೇ ಬಂದು ಕೂತಳು.