ಆ ಉಣ್ಣಿ ಮೊಲದ್ದಲ್ಲ

ನನ್ನ ಮೊಮ್ಮಗಳು ಭಾಗ್ಯಾಳನ್ನು ಧಾರವಾಡದ ದೊಡ್ಡ ಸಭೆಯಲ್ಲಿ ಮಾತಾಡಲು ಕರೆದಿದ್ದಾರೆ. ನಮ್ಮ ಮನೆತನದಲ್ಲಿ ಮೈಕಿನ ಮುಂದೆ ನಿಲ್ಲುವ ಮೊದಲ ಜೀವ ಅವಳು. ಸುದ್ದಿ ಬಂದ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಣಿ ತುಂಬ ಸಕ್ಕರೆ ಹಂಚಿದೆ — ಎದುರಿಗೆ ಬಂದ ಕುರಿಗಳಿಗೂ ಹೇಳಿದೆನೇನೋ. ಆದರೆ ಅವಳು ಅಲ್ಲಿ ಹೇಳಬೇಕಾಗಿದ್ದ ಮಾತುಗಳಲ್ಲಿ ಒಂದು ಸುಳ್ಳು. ಅದು ಅವಳ ಸುಳ್ಳಲ್ಲ, ನನ್ನದು. ಮೊಲದ ಮೈಮೇಲಿನವು ಎಂದು ನಾನು ಅವಳ ಕೈಗೆ ಕೊಟ್ಟ ಉಣ್ಣಿಗಳನ್ನು ನಮ್ಮ ಆಕಳ ಮೈಯಿಂದ ಕಿತ್ತಿದ್ದೆ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಕುರಿ ಹಿಂದೆ ಹೋದವನು. ಯಂಕಂಚಿ ಕಡೆ ನಮ್ಮ ಹೊಲ. ಕುರಿಯ ತುಪ್ಪಟ ಕತ್ತರಿಸುವುದರಲ್ಲಿ ನನ್ನ ಕೈ ಒಳ್ಳೆಯದೆಂದು ಇಂಡಿ ಊರಿನ ತನಕ ಕರೆಯುತ್ತಿದ್ದರು. ನಮ್ಮ ಕಡೆ ಆ ತುಪ್ಪಟಕ್ಕೂ ಉಣ್ಣಿ ಅನ್ನುತ್ತೇವೆ, ದನಕರುಗಳ ರಕ್ತ ಹೀರುವ ಹುಳಕ್ಕೂ ಉಣ್ಣಿ ಅನ್ನುತ್ತೇವೆ. ಹುಟ್ಟಿದಾಗಿನಿಂದ ಎರಡನ್ನೂ ಹೀಗೇ ಕರೆದವನಿಗೆ ಒಂದು ದಿನ ಇದೇ ಶಬ್ದ ಮುಳ್ಳಾಗಿ ಚುಚ್ಚೀತೆಂದು — ಎಲ್ಲಿ ಗೊತ್ತಿರಬೇಕು.

ಭಾಗ್ಯಾ ದನದ ಡಾಕ್ಟರ್ ಆಗಿ ಬಂದ ಹೊಸತು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಈ ನಾಲ್ಕೂ ತಾಲೂಕುಗಳಲ್ಲಿ ಕಾಡುಪ್ರಾಣಿಗಳ ಉಣ್ಣಿ ನೋಡುವ ಕೆಲಸ ಸಿಕ್ಕಿತ್ತು. ‘ಕಾಡುಪ್ರಾಣಿಗೋಳ ಉಣ್ಣಿ ಪರೀಕ್ಷಾ ಮಾಡ್ತೇನಿ ಮುತ್ಯಾ’ ಅಂದಳು. ನಾನು ತುಪ್ಪಟ ಎಂದೇ ತಿಳಿದೆ. ಕಟ್ಟೆಯ ಮೇಲೆ ಕೂತು ಹೆಮ್ಮೆಯಿಂದ ಹೇಳಿಕೊಂಡೆ.

ನನ್ನ ಹಳೆಯ ದೋಸ್ತ ಮೈಬೂಸಾಬ ನಕ್ಕ. ‘ಹಂಗಾದ್ರ ಮಲ್ಲಣ್ಣಾ, ಬರೂ ಚಳಿಗಾಲಕ್ಕ ಮೊಲದ ಕಂಬಳಿ ಹೊಚ್ಕೊಂಡ ಮಲಗಾಂವ ನೀ.’

‘ನಿನಗೇನ ತಿಳೀತೈತೋ. ಮೊಲದ ಉಣ್ಣಿ ಕುರಿ ಉಣ್ಣಿಗಿಂತ ನಯ. ಡಾಕ್ಟರಗೋಳು ಸುಮ್ಮಸುಮ್ಮನ ನೋಡ್ತಾರೇನ?’

ಅಷ್ಟು ಗಟ್ಟಿಯಾಗಿ ಹೇಳಿದ್ದೆ, ಹತ್ತು ಮಂದಿಯ ಮುಂದೆ.

ಆಮೇಲೆ ಒಂದು ಮುಂಜಾನೆ ನಮ್ಮ ಹೊಲದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ಸಿಕ್ಕು ಒಂದು ಮೊಲ ಸತ್ತು ಬಿದ್ದಿತ್ತು. ನೋಡಿದವನೇ ಭಾಗ್ಯಾಳಿಗೆ ಫೋನ್ ಹಚ್ಚಿದೆ.

‘ಮುತ್ಯಾ, ನಾ ಮುದ್ದೇಬಿಹಾಳದಾಗ ಅದೇನಿ, ಇಲ್ಲೊಂದು ನರಿ ಸಿಕ್ಕೈತಿ. ಬರಾಕ ಸಂಜಿ ಆಕ್ಕೈತಿ. ಅಲ್ಲೀತನ ನೀ ಆ ಮೊಲದ್ದು ಉಣ್ಣಿ ತಗದಿಡು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ಕೋ. ಬಾಟ್ಲಿ ಗೂಡಿನಾಗ ಐತಿ.’

ನನ್ನ ಸಂತೋಷ ಏನು ಹೇಳಲಿ — ಮೊಮ್ಮಗಳ ಸರ್ಕಾರಿ ಕೆಲಸಕ್ಕೆ ನನ್ನ ಕೈ ಬೇಕಾಯಿತಲ್ಲ. ಕತ್ತರಿ ಮಸೆದೆ. ಮೊಲದ ಕಿವಿಯ ಒಳಗೆ, ಕತ್ತಿನ ಕೆಳಗೆ ಹುಳಗಳು ಹತ್ತಿದ್ದವು. ಹುಳ ಬಿದ್ದ ತುಪ್ಪಟ ಕೊಡಬಾರದು, ನಾವು ಕುರಿಗೂ ಹಾಗೆ ಮಾಡುವುದಿಲ್ಲ. ಒಂದೊಂದಾಗಿ ಕಿತ್ತು ಒಲೆಯ ಕೆಂಡಕ್ಕೆ ಹಾಕಿದೆ, ಚಟ್ ಚಟ್ ಅಂದವು. ಮೈಮೇಲಿನ ತುಪ್ಪಟವನ್ನೆಲ್ಲ ಕತ್ತರಿಸಿ, ಬಾಟಲಿಯಲ್ಲಿನ ವಾಸನೆ ನೀರಿಗೆ ಹಾಕಿದರೆ ಕೆಟ್ಟೀತೆಂದು, ತೊಳೆದ ಧೋತರದ ತುಂಡಿನಲ್ಲಿ ಗಂಟು ಕಟ್ಟಿಟ್ಟೆ.

ಮಧ್ಯಾಹ್ನ ಮತ್ತೆ ಅವಳ ಫೋನು. ‘ತಗದಿ? ಕಾಲ ಮುರದಿಲ್ಲಲ್ಲ?’

‘ಯಾರ ಕಾಲ?’

‘ಉಣ್ಣೀವು ಮುತ್ಯಾ. ಬಾಯಿ ಚರ್ಮದಾಗ ಉಳಿಬಾರದು ಮತ್ತ. ನಮ್ಮ ಮೇಡಮ್ಮಗ ಹೇಳೇನಿ — ಮುತ್ಯಾ ಅದಾನ, ಚಿಂತಿಲ್ಲ ಅಂತ.’

ಉಣ್ಣಿಗೆ ಕಾಲು. ಉಣ್ಣಿಗೆ ಬಾಯಿ. ಕೈಯಲ್ಲಿ ಫೋನು ಹಿಡಿದು ಒಲೆಯ ಕಡೆ ನೋಡಿದೆ, ಬೂದಿಯಾಗಿತ್ತು.

ಆಗಲೇ ಹೇಳಬಹುದಿತ್ತು. ನಕ್ಕು ಬಿಡುತ್ತಿದ್ದಳು, ನನಗೆ ಗೊತ್ತು. ಆದರೆ ನನ್ನ ಕಣ್ಣ ಮುಂದೆ ಕಟ್ಟೆ ಬಂತು, ಮೈಬೂಸಾಬನ ನಗು ಬಂತು, ಅವಳ ಮೇಲಿನ ಅಧಿಕಾರಿ ಮೇಡಮ್ಮಿನ ಮುಂದೆ ಅವಳಾಡಿದ ಮಾತು ಬಂತು. ‘ಬಾಟ್ಲ್ಯಾಗ ಹಾಕೇನಿ ಯವ್ವಾ’ ಅಂದುಬಿಟ್ಟೆ. ಮೊಲವನ್ನು ಬದುವಿನಲ್ಲಿ ಹೂತೆ. ಕೊಟ್ಟಿಗೆಗೆ ಹೋಗಿ ಆಕಳ ಕೆಚ್ಚಲ ಸಂದಿಯಿಂದ, ಬಾಲದ ಬುಡದಿಂದ ಉಣ್ಣಿ ಕಿತ್ತು ಬಾಟಲಿಗೆ ಹಾಕಿದೆ. ಕಾಲು ಮುರಿಯದ ಹಾಗೆ.

ಸಂಜೆ ಬಂದವಳು ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

‘ಇವು ದನದ ಉಣ್ಣಿ ಇದ್ದಂಗ ಅದಾವಲ್ಲ. ಮೊಲ ಎಲ್ಲೈತಿ?’

‘ನಾಯಿ ಒಯ್ದವು.’

‘ಖರೇನ ಇವು ಮೊಲದ್ದ ಮುತ್ಯಾ?’

‘ಮೊಲದ್ದ ಅದಾವ ಯವ್ವಾ. ನನ್ನ ಕೈಯಿಂದ ನಾನ ಕಿತ್ತೇನಿ.’

ಕಿತ್ತದ್ದು ನನ್ನ ಕೈಯೇ. ಆ ಅರ್ಧ ಖರೆಯ ಬೆನ್ನೇರಿ ಉಳಿದರ್ಧ ಸುಳ್ಳು ಎಷ್ಟು ಸಲೀಸಾಗಿ ಬಾಯಿ ದಾಟಿತು. ಅವಳ ಮುಖ ಅರಳಿತು. ದನದ ಉಣ್ಣಿ ಮೊಲಕ್ಕೂ ಹತ್ತಿದೆ ಎಂದರೆ, ದನದ ರೋಗ ಅಡವಿಗೂ ಅಡವಿಯದು ದನಕ್ಕೂ ಹೋಗುವ ದಾರಿ ಇದ್ದೀತು, ಇದನ್ನು ಮೊದಲೇ ತಿಳಿದರೆ ಜ್ವರ ಬರುವ ಮುಂಚೆ ಎಚ್ಚರ ವಹಿಸಬಹುದು ಎಂದು ನನಗೇ ಬಿಡಿಸಿ ಹೇಳಿದಳು. ನಾನು ತಲೆ ಅಲ್ಲಾಡಿಸಿದೆ. ತುಪ್ಪಟ ಕಟ್ಟಿಟ್ಟಿದ್ದ ಗಂಟನ್ನು ಆಮೇಲೆ ಸುಟ್ಟೆ.

ಒಂದು ಸಲ ಸಿಕ್ಕರೆ ಸಾಲದು, ಮತ್ತೆ ಸಿಗಬೇಕು ಅಂದರಂತೆ ಮೇಡಮ್ಮು. ಅಲ್ಲಿಂದ ಅವಳು ನಮ್ಮ ಹೊಲದ ಸುತ್ತಿನ ಜಾಲಿಕಂಟಿ ಬಿಡಲಿಲ್ಲ. ಬಲೆ ಹಾಕಿ ಮೊಲ ಹಿಡಿಯುವುದು, ಕಿವಿ ನೋಡುವುದು, ಬಿಡುವುದು. ಬಿಸಿಲು ನೋಡಲಿಲ್ಲ, ಹಬ್ಬ ನೋಡಲಿಲ್ಲ. ಇಲ್ಲದ್ದನ್ನು ಹುಡುಕುತ್ತಿದ್ದಾಳೆಂದು ಗೊತ್ತಿದ್ದವನು ನಾನೊಬ್ಬನೇ — ಬುತ್ತಿ ಕಟ್ಟಿಸಿ ಕಳಿಸುತ್ತಿದ್ದವನೂ ನಾನೇ.

ಹಾಗೆ ತಿರುಗುವಾಗಲೇ ಅವಳಿಗೆ ಉಣ್ಣಿ ಕಚ್ಚಿತು. ಮೊಣಕಾಲಿನ ಹಿಂದೆ ಕೆಂಪು ಗುಳ್ಳೆ, ಆಮೇಲೆ ಜ್ವರ. ಸಿಂದಗಿಯ ದವಾಖಾನೆಯಲ್ಲಿ ಮಂಚದ ಪಕ್ಕ ಕೂತಿದ್ದೆ. ಯಾವ ಜ್ವರ ಎಂದು ಡಾಕ್ಟರಿಗೂ ಹೇಳಲಾಗಲಿಲ್ಲ. ಅವಳ ಹಣೆ ಮುಟ್ಟಿದರೆ ಕೈ ಸುಡುತ್ತಿತ್ತು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಕಣ್ಣು ಮುಚ್ಚಿಕೊಂಡೇ ಅವಳು, ‘ಚಿಂತಿ ಮಾಡಬ್ಯಾಡ ಮುತ್ಯಾ, ನಿನಗ ಒಂದ ಸಿಕ್ಕೈತಂದ್ರ ನನಗೂ ಸಿಗತೈತಿ’ ಅಂದಳು.

ನಾನು ಬಾಯಿ ಮುಚ್ಚಿಕೊಂಡೆ. ಜ್ವರ ಇಳಿಯಿತು — ಇಳಿಯದಿದ್ದರೆ? ಆ ‘ಇಳಿಯದಿದ್ದರೆ’ ಅನ್ನುವುದು ಇಂದಿಗೂ ಊಟದ ನಡುವೆ, ನಿದ್ದೆಯ ನಡುವೆ ಬಂದು ನನ್ನೆದುರು ಕೂಡುತ್ತದೆ.

ವರ್ಷಗಳು ಹೋದವು. ಅಂಥ ಮೊಲ ಮತ್ತೆ ಸಿಗಲಿಲ್ಲ, ಸಿಕ್ಕ ಆ ಒಂದನ್ನೇ ಅವಳು ಬರೆದು ಕಳಿಸಿದ್ದಳಂತೆ. ನಾನು ಮರೆತೆ ಅಂದುಕೊಂಡೆ. ಈಗ ಸಭೆಯ ಸುದ್ದಿ ಬಂತು. ಸಕ್ಕರೆ ಹಂಚಿ ಮನೆಗೆ ಬಂದಾಗ ಅವಳು ತಾಯಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: ‘ಆ ಮೊಲದ ಸಂಗತಿಯಿಂದನ ನನ್ನ ಕರದಾರ ನೋಡವ್ವಾ.’ ಅಲ್ಲಿಂದ ಸಂಜೆಯ ತನಕ ನಾನು ಒಂದು ಕಡೆ ಕೂಡಲಿಲ್ಲ. ಸಭೆಯಲ್ಲಿ ಯಾರಾದರೂ ಎದ್ದು, ಇದು ಆಗುವ ಮಾತಲ್ಲ ಅಂದರೆ? ಅವಳನ್ನು ಸುಳ್ಳುಗಾರ್ತಿ ಅಂದರೆ? ಯಾರೂ ಏನೂ ಅನ್ನದೆ ಒಪ್ಪಿಬಿಟ್ಟರೆ — ಅದು ಇನ್ನೂ ಕೆಟ್ಟದ್ದಲ್ಲವೇ?

ಅವಳ ತಾಯಿ, ನನ್ನ ಸೊಸೆ ಕಸ್ತೂರಿ ಹೋಳಿಗೆ ಲಟ್ಟಿಸುತ್ತಿದ್ದಳು. ಮಗ ಹೊಲದಿಂದ ಬಂದಿದ್ದ. ಭಾಗ್ಯಾ ಪಡಸಾಲೆಯಲ್ಲಿ ನಿಂತು, ಮಾತನ್ನು ನಮ್ಮ ಮುಂದೆ ಒಮ್ಮೆ ಹೇಳಿ ನೋಡುತ್ತೇನೆ ಅಂದಳು. ‘ಸಿಂದಗಿ ತಾಲೂಕಿನ ಒಂದು ಮೊಲದ ಮೈಮೇಲೆ’ ಎಂದು ಶುರು ಮಾಡಿದಳು.

‘ಅದನ್ನ ಹೇಳಬ್ಯಾಡ ಯವ್ವಾ. ಅವು ನಮ್ಮ ಆಕಳ ಉಣ್ಣಿ.’

ಕಸ್ತೂರಿಯ ಲಟ್ಟಣಿಗೆ ನಿಂತಿತು. ತುಪ್ಪಟದಿಂದ ಹಿಡಿದು ಎಲ್ಲ ಹೇಳಿದೆ, ದವಾಖಾನೆಯದನ್ನೂ ಹೇಳಿದೆ. ಭಾಗ್ಯಾ ಬೈಯುತ್ತಾಳೆಂದು ಕಾದೆ. ಅವಳು ಕೇಳಿದ್ದು ಬೇರೆಯೇ.

‘ಮೊಲದ ಮ್ಯಾಲ ಇದ್ದುವು ಹ್ಯಾಂಗಿದ್ವು? ಸಣ್ಣವ? ಬೆನ್ನ ಮ್ಯಾಲ ಬಣ್ಣ ಇತ್ತ?’

‘ನೋಡಲಿಲ್ಲ. ಕೆಂಡಕ್ಕ ಹಾಕಿದೆ.’

‘ನೆನಪ ಮಾಡ್ಕೋ ಮುತ್ಯಾ.’

ನೆನಪಿಗೆ ಬರಲಿಲ್ಲ. ಅವಳ ಕಣ್ಣು ತುಂಬಿದ್ದು ಆಗಲೇ — ಸುಳ್ಳಿಗಲ್ಲ, ಆ ಸುಟ್ಟುಹೋದ ಹುಳಗಳಿಗೆ. ಆ ಮೊಲ ನಿಜಕ್ಕೂ ಏನನ್ನು ಹೊತ್ತಿತ್ತೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ನನ್ನ ತಪ್ಪು ಇಷ್ಟು ದೊಡ್ಡದೆಂದು ಆ ತನಕ ನನಗೇ ಗೊತ್ತಿರಲಿಲ್ಲ.

ಅಂಗಳಕ್ಕೆ ಹೋಗಿ ಮೇಡಮ್ಮಿಗೆ ಫೋನ್ ಮಾಡಿದಳು. ‘ಹೌದ್ರಿ ಮೇಡಮ್. ನಮ್ಮ ಮನ್ಯಾಗಿಂದ ಆಗಿದ್ದರಿ. ಅದನ್ನ ತಗದಬಿಡ್ರಿ.’ ಸಭೆಗೆ ಇನ್ನೂ ಕರೆಯುತ್ತಾರೋ ಇಲ್ಲವೋ ನಾಳೆ ತಿಳಿಸುತ್ತಾರಂತೆ. ಮೊಲದ ಉಣ್ಣಿ ಕಿತ್ತೆನೆಂದು ಕಟ್ಟೆಯಲ್ಲಿ ನಾನು ಹಬ್ಬಿಸಿದ್ದನ್ನು ನಾನೇ ಹೋಗಿ ತಿದ್ದುತ್ತೇನೆ. ಕಟ್ಟೆಗೆ ಬರದವರಿಗೆಂದು ಇಲ್ಲಿ ಬರೆದಿದ್ದೇನೆ.

ಇಂದು ಸಂಜೆ ಎಲ್ಲರೂ ಒಟ್ಟಿಗೇ ಉಂಡೆವು. ಭಾಗ್ಯಾ ನನ್ನ ಪಕ್ಕ ಕೂಡಲಿಲ್ಲ, ಅಪ್ಪನ ಆಚೆ ಕೂತಳು. ಕಸ್ತೂರಿ ಹೋಳಿಗೆ ಬಡಿಸಿದಳು, ಕಟ್ಟಿನ ಸಾರು ಬಡಿಸಿದಳು. ಎದ್ದು ಹೋಗಿಬಿಡೋಣ ಅನ್ನಿಸಿತು. ತಾಟು ಬಿಟ್ಟು ಎದ್ದರೆ ಅವಳೇ ಎದ್ದು ಬಂದು ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು. ಆ ಕೆಲಸವನ್ನೂ ಅವಳ ಮೇಲೆ ಹಾಕಬಾರದೆಂದು, ಬಡಿಸಿದ್ದನ್ನೆಲ್ಲ ತಲೆ ತಗ್ಗಿಸಿ ಉಂಡೆ.