ತುದಿ ಮುರಿದ ಗಾಳದ ಕೋಲು

ನಾನು ಮೀನು ತಿನ್ನುವವನಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮನೆಯಲ್ಲಿ ಯಾರಾದರೂ ಮೊಟ್ಟೆಯ ಹೆಸರೆತ್ತಿದರೂ ಮುಖ ಸಿಂಡರಿಸುವ ಹೆಂಡತಿ. ಇಂಥವನು ಗಾಳದ ಕೋಲು ಕೊಳ್ಳಲು ಹೊರಟಿದ್ದಾನೆ ಎಂದರೆ ಮಸ್ಕಿಯ ಜನ ನಗದೆ ಇನ್ನೇನು ಮಾಡಿಯಾರು? ನಕ್ಕರು. ನಗಲಿ ಬಿಡಿ. ಊರಿನ ಅರ್ಧ ಗಂಡಸರ ಸೊಂಟದ ಅಳತೆ ನನ್ನ ಪುಸ್ತಕದಲ್ಲಿದೆ. ಟೇಪು ಸುತ್ತುವಾಗ ಅವರು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡದ್ದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ಇದಕ್ಕೆಲ್ಲ ಕಾರಣ ಮೀನಲ್ಲ, ಗುಟ್ಕಾ. ಹದಿನಾರು ವರ್ಷ ನನ್ನ ಕಾಲು ಹೊಲಿಗೆ ಯಂತ್ರವನ್ನೂ ನನ್ನ ದವಡೆ ಗುಟ್ಕಾವನ್ನೂ ಒಂದೇ ತಾಳದಲ್ಲಿ ನಡೆಸಿಕೊಂಡು ಬಂದವು. ಶಾಲೆಯ ಬಿಳಿ ಅಂಗಿಗಳ ಮೇಲೆ ಅಲ್ಲಲ್ಲಿ ಕೆಂಪು ಹನಿ ಬೀಳುತ್ತಿತ್ತು. ಕೇಳಿದವರಿಗೆ ಬಟ್ಟೆಯೇ ಹಾಗೆ ಬಂದಿದೆ ಎಂದು ಹೇಳಿ ಮಿಲ್ಲಿನವರನ್ನು ಬೈಯುತ್ತಿದ್ದೆ. ಒಂದು ದಿನ ಮಿರ್ಚಿ ಭಜಿ ತಿನ್ನಲು ಹೋದಾಗ ಬಾಯಿ ಅದರ ಅಗಲಕ್ಕೆ ತೆರೆಯಲಿಲ್ಲ. ರಾಯಚೂರಿನ ಡಾಕ್ಟರು ಎರಡು ಬೆರಳು ಒಳಗಿಡಲು ನೋಡಿ, ಅವೂ ಹೋಗದೆ, ಇನ್ನು ಒಂದು ಗುಟ್ಕಾ ಚೀಟಿ ಹಾಕಿದರೂ ಮುಂದಿನ ಸಲ ತನ್ನ ಹತ್ತಿರ ಬರುವ ಕೆಲಸವಿಲ್ಲ, ಕ್ಯಾನ್ಸರ್ ಆಸ್ಪತ್ರೆಗೇ ಹೋಗಬಹುದು ಎಂದರು. ಹೆಂಡತಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ವಾಪಸು ಬರುವಾಗ ಬಸ್ಸಿನಲ್ಲಿ ಮಸ್ಕಿ ಬರುವತನಕ ಒಂದೂ ಮಾತಾಡಲಿಲ್ಲ. ಡಾಕ್ಟರಿಗಿಂತ ಹೆಚ್ಚು ಹೆದರಿಸಿದ್ದು ಅದು.

ಬಿಡಲು ನೋಡಿದೆ. ಯಾಲಕ್ಕಿ ಜಗಿದೆ, ಲವಂಗ ಜಗಿದೆ, ಸೋಂಪು ಜಗಿದೆ. ಅಳತೆ ಟೇಪಿನ ತುದಿ ಜಗಿದು ಅದರ ಮೇಲಿನ ನಂಬರೇ ಅಳಿಸಿಹೋಯಿತು. ನಾಲ್ಕನೇ ದಿನಕ್ಕೆ ಗಿರಾಕಿಗಳ ಮೇಲೆ ಹರಿಹಾಯಲು ಶುರುಮಾಡಿದೆ. ಬಾಯಿ ಸುಮ್ಮನಿದ್ದರೂ ಕೈ ಸುಮ್ಮನಿರುತ್ತಿರಲಿಲ್ಲ. ತನ್ನಷ್ಟಕ್ಕೆ ತಾನೇ ಅಂಗಿಯ ಕಿಸೆಗೆ ಹೋಗಿ ತಡಕುತ್ತಿತ್ತು.

ಪಕ್ಕದ ಅಂಗಡಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು ನನ್ನ ಗೆಳೆಯ. ಸಿಂಧನೂರು ಕಡೆಯ ಕ್ಯಾಂಪಿನವನು. ಅವನ ಅಜ್ಜ ಕಾಲುವೆಯ ನೀರು ನೋಡಿ ಆಂಧ್ರದಿಂದ ಬಂದು ಭತ್ತ ಹಾಕಿದವನಂತೆ. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ಬೈಯುವಾಗ ಎರಡೂ. ಅವನೂ ಒಂದು ಕಾಲದಲ್ಲಿ ನನ್ನ ಹಾಗೆಯೇ ಕೆಂಪಗೆ ಉಗುಳುತ್ತಿದ್ದವನು, ಬಿಟ್ಟು ಎರಡು ವರ್ಷವಾಗಿತ್ತು.

"ಗಾಳ ಹಾಕ್ಕೊಂಡು ಕುಂದ್ರಲೇ," ಎಂದ. "ಎರಡೂ ಕೈಗೆ ಕೆಲಸ. ಮಾತಾಡಿದ್ರ ಮೀನ ಓಡತಾವ, ಉಗುಳಿದ್ರ ಪೂರಾ ಹಳ್ಳಾನ ಖಾಲಿ. ನಾ ಹಂಗಽ ಬಿಟ್ಟೀನಿ."

ಮನೆಯಲ್ಲಿ ಇದನ್ನು ಹೇಗೆ ಹೇಳುವುದೆಂದು ಎರಡು ದಿನ ಒದ್ದಾಡಿದೆ. ಹೇಳಿದಾಗ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಹಿಡೀರಿ. ಮೀನ ಮನಿಗಿ ತರಬ್ಯಾಡ್ರಿ, ತಿನ್ನಬ್ಯಾಡ್ರಿ. ಆ ಕೋಲು ಹೊಸ್ತಿಲಾ ದಾಟಬಾರ್ದು, ಹುಳದ ಡಬ್ಬಿ ನನ್ನ ಕಣ್ಣಿಗಿ ಬೀಳಬಾರ್ದು. ಒಂದು ತಿಂಗಳಾ ಆ ಹೊಲಸಿಗಿ ಎಷ್ಟ ಹಾಕ್ತಿದ್ರಿ, ಅಷ್ಟರಾಗಽ ಕೋಲು ತರಬೇಕು. ಒಂದ ರೂಪಾಯಿ ಹೆಚ್ಚಿಲ್ಲ."

ಒಂಬತ್ತುನೂರು ರೂಪಾಯಿ. ಅದೇ ನನ್ನ ಬಜೆಟ್ಟು.

ಅಷ್ಟರಲ್ಲಾಗಲೇ ನಾನು ಫೋನಿನಲ್ಲಿ ಗಾಳದ ವಿಡಿಯೋಗಳನ್ನು ನೋಡಿ ಪಂಡಿತನಾಗಿದ್ದೆ. ಅಮೆರಿಕದಲ್ಲಿ ಬಾಸ್ ಎಂಬ ಮೀನಿದೆ. ಅದನ್ನು ಹಿಡಿಯುವವರಿಗೆ ಟೊಪ್ಪಿಗೆ ಬೇರೆ, ದೋಣಿ ಬೇರೆ, ಕೋಲು ಹನ್ನೆರಡು ತರದ್ದು. ಅಷ್ಟು ಕಷ್ಟಪಟ್ಟು ಹಿಡಿದು, ಮುದ್ದಿಟ್ಟು, ಫೋಟೋ ತೆಗೆಸಿಕೊಂಡು ಮತ್ತೆ ನೀರಿಗೆ ಬಿಡುತ್ತಾರೆ. ಅವರೂ ನಮ್ಮವರೇ ಇರಬೇಕು ಎಂದು ಹೆಂಡತಿಗೆ ಹೇಳಿ ಬೈಸಿಕೊಂಡೆ. ಒಬ್ಬ ಟೊಪ್ಪಿಗೆಯವನು "ಬಡವರಿಗಾಗಿ" ಎಂದು ತೋರಿಸಿದ ಕೋಲಿನ ಬೆಲೆಯನ್ನು ರೂಪಾಯಿಗೆ ತಿರುಗಿಸಿ ನೋಡಿದರೆ ಹತ್ತು ಸಾವಿರದ ಹತ್ತಿರ ಬಂತು. ಆ ದೇಶದ ಬಡವರಿಗೆ ನಮಸ್ಕಾರ ಹಾಕಿ ಫೋನು ಇಟ್ಟೆ. ನಮ್ಮ ಹಳ್ಳದಲ್ಲಿ ಬಾಸ್ ಇಲ್ಲ, ಜೊಂಡಿನ ಸಂದಿಯಲ್ಲಿ ಅಡಗಿ ಕೂತು ತಟ್ಟನೆ ಎಗರುವ ಕೊರ್ರಮೀನು ಇದೆ. ಸ್ವಭಾವ ಮಾತ್ರ ಎರಡರದೂ ಒಂದೇ ಎಂದು ಗೆಳೆಯ ಹೇಳಿದ.

ಮೊದಲ ವಾರ ಲಿಂಗಸುಗೂರಿಗೆ ಹೋದೆವು. ಹೋದೆವು ಎಂದರೆ ಆಕೆಯೂ ಬಂದಳು. ಹೆಂಗಸರಿಗೆ ಬಸ್ಸು ಪುಕ್ಕಟೆ, ಆಧಾರ್ ತೋರಿಸಿದರಾಯಿತು. ನಿಜ ಹೇಳಬೇಕೆಂದರೆ ಚಾರ್ಜು ಉಳಿಸಲು ಆಕೆಯೊಬ್ಬಳನ್ನೇ ಕಳಿಸುವ ವಿಚಾರವೂ ನನಗೆ ಬಂದಿತ್ತು. ಕ್ರಿಕೆಟ್ ಬ್ಯಾಟು, ಕೇರಂ ಬೋರ್ಡು ಮಾರುವ ಅಂಗಡಿಯಲ್ಲಿ ಮೂರು ಗಾಳದ ಕೋಲುಗಳಿದ್ದವು. ಅಂಗಡಿಯವನು ಒಂದನ್ನು ನನ್ನ ಕೈಗಿಟ್ಟು, "ಕಾರ್ಬನ್ ರೀ ಅಣ್ಣಾರ, ಹಿಡದಂಗಽ ಅನ್ಸೂದಿಲ್ಲ," ಎಂದ. ನಿಜಕ್ಕೂ ಅನಿಸಲಿಲ್ಲ. ಎರಡು ಸಾವಿರದ ಎಂಟುನೂರು ಎಂದಾಗ ಮಾತ್ರ ಭಾರ ಗೊತ್ತಾಯಿತು.

"ಇದರ ಜೋಡಿ ಬ್ಲೌಸ್ ಪೀಸ್ ಬರ್ತೈತೇನ್ರೀ?" ಎಂದು ಹೆಂಡತಿ ಕೇಳಿದಳು. ಅವನು ಕೋಲನ್ನು ನನ್ನ ಕೈಯಿಂದ ತೆಗೆದುಕೊಂಡು ಗೋಡೆಗೆ ಒರಗಿಸಿದ.

ಮುಂದಿನ ವಾರ ಸಿಂಧನೂರು. ಅಲ್ಲಿ ಬಲೆ, ಹಗ್ಗ, ತಾಡಪತ್ರಿ ಮಾರುವ ಹಳೆಯ ಅಂಗಡಿಯೊಂದರ ಮೂಲೆಯಲ್ಲಿ ಫೈಬರ್ ಕೋಲುಗಳ ಒಂದು ಕಟ್ಟೇ ಬಿದ್ದಿತ್ತು. ನನಗೆ ಕೋಲಿನ ವಿದ್ಯೆ ಗೊತ್ತಿಲ್ಲ, ದಾರದ ವಿದ್ಯೆ ಗೊತ್ತು. ಕೋಲಿನುದ್ದಕ್ಕೂ ದಾರ ಹಾಯಲು ಸಣ್ಣ ಉಂಗುರಗಳಿರುತ್ತವೆ. ಸೂಜಿಯ ಕಣ್ಣು ಒರಟಾಗಿದ್ದರೆ ದಾರ ಎಳೆ ಬಿಟ್ಟು ಜುಂಜಾಗಿ ಕಡಿಯುತ್ತದೆ, ಉಂಗುರವೂ ಅಷ್ಟೇ ಇರಬೇಕು. ಕಿಸೆಯಿಂದ ಬಿಳಿ ನೂಲು ತೆಗೆದು ಒಂದೊಂದು ಕೋಲಿನ ಒಂದೊಂದು ಉಂಗುರಕ್ಕೂ ಹಾಕಿ ಹತ್ತು ಸಲ ಎಳೆದು ನೋಡುತ್ತ ಕುಳಿತೆ. ಏಳು ಕೋಲು ನೂಲನ್ನು ತಿಂದುಹಾಕಿದವು. ಎಂಟನೆಯದರಲ್ಲಿ ನೂಲು ಹಾಕಿದ್ದು ಹಾಕಿದ ಹಾಗೆಯೇ ಬಂತು. ಬೆಲೆ ಕೇಳಿದೆ. ರೀಲು ಸೇರಿ ಹದಿಮೂರು ನೂರು. ಆ ಹೊತ್ತಿನಲ್ಲಿ ನನ್ನ ಕೈ ಕಿಸೆಗೆ ಹೋಗಿತ್ತು, ನೂಲಿಗಾಗಿ ಅಲ್ಲ. ಹೆಂಡತಿ ಅದನ್ನು ನೋಡಿದಳು.

"ಕೊಡ್ರಿ ಇಲ್ಲಿ, ನಾ ನೋಡ್ತೀನಿ," ಎಂದು ಕೋಲು ಇಸಿದುಕೊಂಡಳು.

ಮೂವತ್ತು ವರ್ಷ ಸಂತೆ ಮಾಡಿದ ಕೈ ಅದು. ಮೂಗಿಗೆ ಹಿಡಿಯದೆ ಕೊತ್ತಂಬರಿ ಕೊಳ್ಳುವುದಿಲ್ಲ, ಉಗುರು ಚುಚ್ಚದೆ ಸೋರೆಕಾಯಿ ಕೊಳ್ಳುವುದಿಲ್ಲ, ತುದಿ ಮುರಿಯದೆ ಬೆಂಡೆಕಾಯಿ ಕೊಳ್ಳುವುದಿಲ್ಲ. ಕೋಲನ್ನು ಹಿಂದೆ ಮುಂದೆ ತಿರುಗಿಸಿದಳು. ಬೆರಳು ಸೀದಾ ಸಪೂರ ತುದಿಗೆ ಹೋಯಿತು. ಹೆಬ್ಬೆರಳು ಒತ್ತಿತು. ಟಕ್ ಎಂದಿತು.

"ಎಳೇದೈತಿ," ಎಂದಳು ತೃಪ್ತಿಯಿಂದ.

ಮುರಿದ ಗೇಣುದ್ದದ ತುದಿ ಆಕೆಯ ಬೆರಳುಗಳ ನಡುವೆ ಇತ್ತು, ಇನ್ನೇನು ಬುಟ್ಟಿಗೆ ಹಾಕಬೇಕು.

"ಅಕ್ಕಾರ!" ಅಂಗಡಿಯವನು ಎರಡೂ ಕೈ ತಲೆಯ ಮೇಲಿಟ್ಟುಕೊಂಡ. "ಅದು ಬೆಂಡಿಕಾಯಿ ಅಲ್ರೀ!"

ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಆಕೆಗೂ ಮುಖ ಕೆಂಪಾಯಿತು, ಆದರೆ ಎರಡೇ ಕ್ಷಣ. ಸೆರಗು ಸರಿಮಾಡಿಕೊಂಡು, "ಇದಕ್ಕ ಎಷ್ಟ ಅಂದ್ರಿ?" ಎಂದಳು.

"ಹದಿಮೂರು ನೂರ ರೀ."

"ಮುರದ ಮಾಲಿಗಿ?"

"ಮುರದಾಕಿ ನೀವಽ ಅಲ್ಲೇನ್ರೀ?"

"ಹೆಣ್ಣಮಕ್ಕಳು ಎರಡು ಬಟ್ಟು ಹಚ್ಚಿದ್ರ ಮುರೀತೈತಿ ಅಂದ್ರ ಮೀನ ಹಿಡದು ಜಗ್ಗಿದ್ರ ಏನಾಗ್ತೈತ್ರೀ? ನಾ ಮುರದಿದ್ದು ಚಲೋ ಆತು. ಇಲ್ಲಾಂದ್ರ ನಾಳೆ ಇವ್ರು ನೀರಾಗ ಬಿದ್ದು ನಿಮ್ಮ ಹೆಸರು ಹೇಳ್ತಿದ್ರು."

ಅವನು ನನ್ನ ಮುಖ ನೋಡಿದ. ನಾನು ತಾಡಪತ್ರಿ ನೋಡುತ್ತ ನಿಂತೆ. ಮುಕ್ಕಾಲು ತಾಸಿನ ಮೇಲೆ, ಚಹಾ ಕೂಡ ಅವನೇ ತರಿಸಿ, ಒಂಬತ್ತುನೂರಕ್ಕೆ ಕೋಲು ಮತ್ತು ರೀಲು ಕೊಟ್ಟು ನಮ್ಮನ್ನು ಸಾಗಹಾಕಿದ. ಬಸ್ಸಿನಲ್ಲಿ ಆಕೆ ಕೋಲನ್ನು ಎರಡು ಸೀಟಿನ ನಡುವೆ ನಿಲ್ಲಿಸಿಕೊಂಡು ನಗಲು ಶುರುಮಾಡಿದವಳು ಮಸ್ಕಿಯವರೆಗೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ರಾಯಚೂರಿನಿಂದ ಬಂದ ಮೇಲೆ ಆಕೆ ನಕ್ಕಿದ್ದು ಅದೇ ಮೊದಲು. ನನಗೆ ಹೇಳಲಾಗದಷ್ಟು ಸಮಾಧಾನವಾಯಿತು.

ಮುರಿದ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ, ಮುರಿದ ತುಂಡಿನ ಉಂಗುರ ಬಿಡಿಸಿ ಅಲ್ಲಿ ಕೂಡಿಸಿ, ಜೀನ್ಸ್ ಹೊಲಿಯುವ ದಪ್ಪ ದಾರ ಸುತ್ತಿ ಅಂಟು ಹಚ್ಚಿದೆ. ಹೀಗೆ ಗೇಣುದ್ದ ಕಡಿಮೆಯಾದ ಕೋಲನ್ನು ಗೆಳೆಯ ಬಗ್ಗಿಸಿ ನೋಡಿ, "ಏಮಪ್ಪಾ, ಗಟ್ಟಿ ಆಗೈತಲ್ಲೋ! ಮೆತ್ತನ ತುದಿ ಇದ್ದಿದ್ರ ಜೊಂಡಿನಾಗಿಂದ ಕೊರ್ರಮೀನ ಎಳಿಯಾಕ ಆಗ್ತಿದ್ದಿಲ್ಲ. ನಿಮ್ಮನಿಯಾಕಿಗಿ ಕೋಲಿಂದು ಗೊತ್ತೈತಿ ಬಿಡು," ಎಂದ. ಮನೆಯಲ್ಲಿ ಹೇಳಿದೆ. ಮೊದಲಿನಿಂದಲೂ ಗೊತ್ತಿತ್ತು ಎನ್ನುವಂತೆ ತಲೆಯಾಡಿಸಿದಳು.

ಪ್ರತಿ ಭಾನುವಾರ ಗೆಳೆಯನ ಕ್ಯಾಂಪಿನ ಹತ್ತಿರ, ಗದ್ದೆಯ ನೀರು ಬಸಿದು ಬರುವ ಹಳ್ಳದ ದಂಡೆಗೆ ಹೋಗಿ ಕೂರುತ್ತಿದ್ದೆ. ಮೊದಲ ಭಾನುವಾರ ಜಾಲಿಗಿಡ ಹಿಡಿದೆ, ಎರಡನೆಯ ಭಾನುವಾರ ನನ್ನದೇ ಅಂಗಿಯ ಬೆನ್ನು ಹಿಡಿದೆ. ಮೂರನೆಯ ಭಾನುವಾರ ಮೊಳದುದ್ದದ ಕೊರ್ರಮೀನು ಬಿತ್ತು. ದಾರ ಎಳೆದ ಆ ಜಗ್ಗಾಟಕ್ಕೆ ನನ್ನ ಎದೆ ಬಡಿದುಕೊಂಡದ್ದು ಇನ್ನೂ ನೆನಪಿದೆ. ಗೆಳೆಯನ ಮನೆಯವರು ಅದನ್ನು ಹುಣಸೆಹುಳಿ ಹಿಂಡಿ ಪುಲುಸು ಮಾಡಿಕೊಂಡು ತಿಂದರು, ನಾನು ಅವರ ಅಂಗಳದಲ್ಲಿ ಕೂತು ಮಜ್ಜಿಗೆ ಕುಡಿದೆ. ಎರಡು ತಿಂಗಳು ಗುಟ್ಕಾ ಮುಟ್ಟಲಿಲ್ಲ. ಊರೆಲ್ಲ ಹೇಳಿಕೊಂಡು ತಿರುಗಿದೆ. ಬಿಡಲಾಗದವರನ್ನು ನೋಡಿ ನಕ್ಕೆ ಕೂಡ.

ಆಮೇಲೆ ಮದುವೆಗಳು ಬಂದವು. ಕುತ್ತಿಗೆಯವರೆಗೆ ಬಟ್ಟೆ, ಬೆಳಗಿನಿಂದ ಸಂಜೆವರೆಗೆ ಗಿರಾಕಿಗಳ ಕಿರಿಕಿರಿ. ಮುದಗಲ್ಲಿನಿಂದ ಬಂದ ಒಬ್ಬ ವರ ಮೂರು ಸಲ ಪ್ಯಾಂಟಿನ ಹೊಲಿಗೆ ಬಿಚ್ಚಿಸಿ ಮತ್ತೆ ಹೊಲಿಸಿದ. ಅವನು ಹೋದ ಮೇಲೆ ಒಂದು ಚೀಟಿ ತರಿಸಿ ಹಾಕಿದೆ. ಒಂದೇ ಎಂದುಕೊಂಡೆ. ಮರುದಿನವೂ ಒಂದೇ ಎಂದುಕೊಂಡೆ. ಅಡಗಿಸಿಡಲು ಜಾಗ ಬೇಕಿತ್ತು. ಹೆಂಡತಿ ನನ್ನ ಕಿಸೆ ನೋಡುತ್ತಿದ್ದಳು, ಅಂಗಡಿಯ ಡ್ರಾಯರ್ ನೋಡುತ್ತಿದ್ದಳು. ಆಕೆ ಸತ್ತರೂ ಮುಟ್ಟದ ಜಾಗ ಒಂದೇ, ಬಚ್ಚಲ ಹಿಂದೆ ಇಟ್ಟಿದ್ದ ಎರೆಹುಳದ ಡಬ್ಬಿ. ಹರಿದ ಚೀಟಿಯನ್ನು ಮಡಚಿ ಹಸಿಮಣ್ಣಿನ ಮೇಲಿಟ್ಟು ಮುಚ್ಚಳ ಮುಚ್ಚಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಒಂದು ಶನಿವಾರ ಮಧ್ಯಾಹ್ನ ಊಟಕ್ಕೆ ಬಂದಾಗ ಡಬ್ಬಿ ಕಟ್ಟೆಯ ಮೇಲಿತ್ತು. ಮುಚ್ಚಳ ಪಕ್ಕದಲ್ಲಿತ್ತು. ಆಕೆ ಅದರ ಎದುರಿಗೆ ಕೂತಿದ್ದಳು.

"ಬಿಸಲು ಭಾಳಿತ್ತು," ಎಂದಳು. "ಹುಳಾ ಆದ್ರೇನು, ಜೀವ ಐತಲ್ಲ, ಒಂದೀಟು ನೀರು ಚಿಮಕಿಸೋಣ ಅಂತ ತೆಗದೆ."

ನಾನು ಬಗ್ಗಿ ನೋಡಿದೆ. ಚೀಟಿಯ ಪುಡಿ ಮಣ್ಣಿಗೆಲ್ಲ ಹರಡಿತ್ತು. ಹುಳುಗಳು ಸುರುಟಿಕೊಂಡು ಬಿದ್ದಿದ್ದವು. ಒಂದೂ ಅಲುಗುತ್ತಿರಲಿಲ್ಲ.

"ಎಲ್ಲಾ ಸತ್ತಾವ," ಎಂದಳು. "ಈ ಚೀಟಿ ಎಂದ ಇಟ್ಟಿದ್ರಿ?"

"ನಿನ್ನೆ."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನೂ ಏನಾದರೂ ಹೇಳಿ ಪಾರಾಗುತ್ತಿದ್ದೆ. ಆಕೆ ಅಳಲು ಶುರುಮಾಡಿದಳು. ಹುಳುಗಳನ್ನು ನೋಡಿಕೊಂಡೇ ಅತ್ತಳು. ನನಗೆ ಜೀವನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ, ಅಷ್ಟು ಭಯವೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಹೊರಬಿದ್ದು ಕೋಲು ತೆಗೆದುಕೊಳ್ಳಲು ಹೋದರೆ ಆಕೆ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಳು. ಸ್ನಾನ, ಪೂಜೆ ಮುಗಿದು ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಡಬ್ಬಿ ತೊಳೆದು, ಬಚ್ಚಲ ನೀರು ಹರಿಯುವಲ್ಲಿ ತಾನೇ ಅಗೆದು, ಹೊಸ ಹುಳು ತುಂಬಿಟ್ಟಿದ್ದಳು. ಎಲ್ಲಿಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಹಳ್ಳದ ದಂಡೆಯಲ್ಲಿ ನಾನು ಡಬ್ಬಿಗೆ ಕೈ ಚಾಚಿದೆ. ಕೊಡಲಿಲ್ಲ.

"ನನ್ನ ಕಡೇನಽ ಇರ್ಲಿ," ಎಂದು ಮಡಿಲಿಗೆ ಇಟ್ಟುಕೊಂಡಳು. ಕೊಕ್ಕೆ ಇಸಿದುಕೊಂಡಳು. ಸೆರಗನ್ನು ಮೂಗಿಗೆ ಒತ್ತಿಕೊಂಡು, ಮುಖ ಅತ್ತ ತಿರುಗಿಸಿ, ಶಿವಶಿವಾ ಎನ್ನುತ್ತ ಒಂದು ಹುಳುವನ್ನು ಎರಡು ಬೆರಳಲ್ಲಿ ಎತ್ತಿದಳು. ಮೊದಲ ಸಲ ಹುಳು ಜಾರಿ ಬಿತ್ತು, ಎರಡನೆಯ ಸಲ ಕೊಕ್ಕೆ ಬೆರಳಿಗೆ ಚುಚ್ಚಿತು. ಮೂರನೆಯ ಸಲ ಏರಿಸಿದಳು.

"ಇಷ್ಟು ಸಾಕೇನ್ರೀ?" ಎಂದಳು, ಇನ್ನೂ ಈ ಕಡೆ ನೋಡದೆ.

ತಲೆಯಾಡಿಸಿದೆ, ಆಕೆಗೆ ಅದು ಕಾಣಲಿಲ್ಲ. ಇದಾಗಿ ಒಂದು ವರ್ಷದ ಮೇಲಾಯಿತು. ಈಗಲೂ ಪ್ರತಿ ಭಾನುವಾರ ಬರುತ್ತಾಳೆ, ಡಬ್ಬಿ ಆಕೆಯ ಮಡಿಲಲ್ಲೇ ಇರುತ್ತದೆ, ನಾನು ಕೈ ಚಾಚಿದರೆ ಹುಳು ಏರಿಸಿದ ಕೊಕ್ಕೆ ಮಾತ್ರ ಕೈಗೆ ಬರುತ್ತದೆ.