ಜೋಡಿಯ ನಡುವಿನ ಗೆರೆ

ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ, ಅಲ್ಲೊಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಜೋಡಿಸುತ್ತೇನೆ. ಅಂಚು ಎಲ್ಲಿ, ನಡುವಿನ ಮಡಿಕೆ ಎಲ್ಲಿ ಎಂದು ಪ್ರತಿ ಸಲ ಅಳೆಯುವುದು ಬೇಡವೆಂದು ಕಂಪ್ಯೂಟರಿನಲ್ಲಿ ಒಂದು ಖಾಲಿ ಪುಟಕ್ಕೆ ನೀಲಿ ಗೆರೆ ಹಾಕಿ ಉಳಿಸಿಟ್ಟಿದ್ದೆ. ಹೊಸ ಆಲ್ಬಮ್ ಬಂದರೆ ಅದನ್ನೇ ತೆರೆದು ಫೋಟೊ ಕೂರಿಸುತ್ತಿದ್ದೆ.

ಒಮ್ಮೆ ಮುಡಬಿಯಿಂದ ಒಬ್ಬ ಮದುಮಗಳ ತಾಯಿ ಮಗಳ ಆಲ್ಬಮ್ಮಿನ ಪುಟವನ್ನು ಕಂಪ್ಯೂಟರಿನಲ್ಲಿ ನೋಡಲು ಬಂದರು. ನೋಡಿದವರೇ ಮುಖ ಗಂಟಿಕ್ಕಿದರು.

“ತಮ್ಮಾ, ಗಂಡ ಹೆಂಡ್ತಿ ನಡುವ ಗೆರಿ ಯಾಕ ಎಳದಿ?”

“ಅದು ಮಡಿಕಿ ಬರೋ ಜಾಗರಿ ಅಕ್ಕಾರ. ಪ್ರಿಂಟಿನ್ಯಾಗ ಬರಂಗಿಲ್ರಿ.”

“ಈಗ ಕಾಣಾಕತ್ತದಲ್ಲ?”

ಒಂದು ಕೀ ಒತ್ತಿ ಗೆರೆ ಮರೆಮಾಡಿದೆ.

“ಮುಚ್ಚಿಟ್ಟಿ, ಅಳಿಸಿಲ್ಲ. ಹೊಸ ಜೋಡಿ ಅದ, ಅಳಿಸು.”

ಪುಟವನ್ನು ಪ್ರಿಂಟ್ ತೆಗೆದು ಕೈಗೇ ಕೊಟ್ಟೆ. ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದರು.

“ಕಾಗದದಾಗ ಇಲ್ಲ, ಖರೆ. ಮಶಿನ್ಯಾಗ ಅದ.”

ಅರ್ಧ ತಾಸು ವಾದಿಸಿ ಸಾಕಾಗಿ, ಎಲ್ಲ ಗೆರೆ ಅಳಿಸಿದೆ. ಸಿಟ್ಟಿನ ಭರದಲ್ಲಿ ಸೇವ್ ಒತ್ತಿ ಫೈಲನ್ನೂ ಮುಚ್ಚಿದೆ. ಬೇರೆ ಹೆಸರು ಕೊಡದೆ, ಗೆರೆ ಹಾಕಿಟ್ಟಿದ್ದ ಆ ಮೂಲ ಪುಟದಲ್ಲೇ ಕೆಲಸ ಮಾಡುತ್ತಿದ್ದೆನೆಂದು ಆಮೇಲೆ ಹೊಳೆಯಿತು. ಎರಡು ದಿನ ಅಳತೆ ಹಿಡಿದು ಹಾಕಿದ್ದ ಗೆರೆಗಳು ಹೋದವು.

ನಾನು ತಲೆ ಹಿಡಿದು ಕೂತರೆ ಅವರ ಮುಖ ಅರಳಿತು.

“ಸಣ್ಣ ಮಗಳ ಮದುವಿ ಕೆಲಸನೂ ನಿನಗೇ ಕೊಡ್ತೀನಿ ತಮ್ಮಾ. ಹೇಳಿದ ಮಾತು ಕೇಳ್ತಿ.”

“ಹೌದ್ರಿ ಅಕ್ಕಾರ” ಎಂದೆ. ಅವರು ಎದುರಾಡದೆ ಒಪ್ಪಿದ ನನ್ನ ಮಾತು ಅದೊಂದೇ.